ಪರಮಪ್ರಸಾದ ಅಂದರೆ ಏನು? ಎಲ್ಲರಿಗೂ ಯಾಕೆ ಕೊಡುವುದಿಲ್ಲ?

ನಿಟ್ಟುವಳ್ಳಿ ಮೇಷ್ಟ್ರು:
ಎಲ್ಲರಿಗೂ ಶರಣು. ನಮ್ಮ ಶಾಲೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಟೀಚರ್ ಒಬ್ಬರ ಮಗಳಿಗೆ ಮುಂದಿನ ಭಾನುವಾರ ಪ್ರಥಮ ಪರಮಪ್ರಸಾದ. ಇಲ್ಲೇ ದಾವಣಗೆರೆಯ ಕಥೋಲಿಕ ಚರ್ಚಿನಲ್ಲಿ. ಮನೆಮಂದಿಯೆಲ್ಲ ಬರಬೇಕು ಅಂತ ಕರೆದಿದ್ದಾರೆ. ಕರೆಯುವಾಗಲೇ ಸ್ವಲ್ಪ ಸಂಕೋಚದಿಂದ ಒಂದು ಮಾತನ್ನೂ ಹೇಳಿದರು: "ಸರ್, ಪೂಜೆಗೆ ಬನ್ನಿ, ಊಟ ಮಾಡಿಕೊಂಡೇ ಹೋಗಿ. ಪರಮಪ್ರಸಾದಕ್ಕೆ ಎಲ್ಲರೂ ಸಾಲಾಗಿ ಎದ್ದು ಹೋಗುವಾಗ ಮಾತ್ರ ನೀವು ಕೂತೇ ಇರಬೇಕಾಗುತ್ತೆ." ಅವರ ಅತ್ತಿಗೆ ಕೂಡ ಕೂತೇ ಇರುತ್ತಾರಂತೆ. ಆಕೆ ಕ್ರೈಸ್ತರೇ, ಆದರೆ ಕಥೋಲಿಕರಲ್ಲ, ದಕ್ಷಿಣ ಭಾರತ ಸಭೆ ಅಂದರೆ ಸಿಎಸ್‌ಐ ಸಭೆಯವರು.

ನಾವು ಲಿಂಗವಂತರು. ಪ್ರಸಾದದ ಪಂಕ್ತಿಯಲ್ಲಿ ಯಾರು ಏನು ಅಂತ ಕೇಳಬಾರದು ಅನ್ನುವುದನ್ನು ಕಲಿತು ಬೆಳೆದವರು. ಅವರು ಹೇಳಿದ್ದಕ್ಕೆ ನನಗೆ ಬೇಜಾರು ಖಂಡಿತ ಇಲ್ಲ. ಆದರೆ ಆ ಮಗುವಿನ ಬದುಕಿನಲ್ಲಿ ಅಷ್ಟು ದೊಡ್ಡ ದಿನಕ್ಕೆ ಹೋಗಿ, ಎದುರಿಗೆ ನಡೆಯುವುದು ಏನೆಂದೇ ತಿಳಿಯದೆ ಕೂತು ಬರಲು ಮನಸ್ಸಿಲ್ಲ. ಸಾಲಿನಲ್ಲಿ ಹೋದವರಿಗೆ ಕೊಡುವ ಆ ಬಿಳಿ ಬಿಲ್ಲೆಯನ್ನು ನೀವು ಏನೆಂದು ನಂಬುತ್ತೀರಿ? ಕ್ರೈಸ್ತರಲ್ಲೇ ಒಬ್ಬರಿಗೆ ಇದೆ, ಇನ್ನೊಬ್ಬರಿಗೆ ಇಲ್ಲ ಅಂದರೆ ಏನರ್ಥ? ತಿಳಿದವರು ಬಿಡಿಸಿ ಹೇಳಿ.

ಹೊಳೆದಂಡೆ (ಹರಿಹರ):
ಮೇಷ್ಟ್ರೇ, ಹೋಗುವ ಮೊದಲೇ ಕೇಳಿದಿರಲ್ಲ, ಸಂತೋಷವಾಯಿತು. ನಾನು ಕಥೋಲಿಕಳು, ನಮ್ಮ ಚರ್ಚಿನಲ್ಲಿ ಮಕ್ಕಳನ್ನು ಇದೇ ದಿನಕ್ಕೆ ಸಿದ್ಧ ಮಾಡುವ ಕೆಲಸ ನನ್ನದು. ಮಕ್ಕಳಿಗೆ ಹೇಳುವ ಹಾಗೆಯೇ ಹೇಳುತ್ತೇನೆ.

ಯೇಸುಸ್ವಾಮಿ ಶಿಲುಬೆಗೆ ಏರುವ ಹಿಂದಿನ ರಾತ್ರಿ ಶಿಷ್ಯರ ಜೊತೆ ಊಟಕ್ಕೆ ಕೂತಿದ್ದರು. ಯೆಹೂದ್ಯರ ಪಾಸ್ಕ ಹಬ್ಬದ ಸಮಯ ಅದು. ಈಜಿಪ್ಟಿನ ಗುಲಾಮಗಿರಿಯಿಂದ ದೇವರು ಬಿಡಿಸಿದ್ದನ್ನು ಅವರು ಇವತ್ತಿಗೂ ಊಟದ ಮೂಲಕವೇ ನೆನೆಯುತ್ತಾರೆ. ಆ ಊಟದಲ್ಲಿ ಸ್ವಾಮಿ ರೊಟ್ಟಿ ತೆಗೆದುಕೊಂಡು, ದೇವರಿಗೆ ಸ್ತೋತ್ರ ಮಾಡಿ, ಮುರಿದು ಕೊಟ್ಟು, "ಇದು ನನ್ನ ಶರೀರ" ಅಂದರು. ದ್ರಾಕ್ಷಾರಸದ ಪಾತ್ರೆ ಕೊಟ್ಟು "ಇದು ನನ್ನ ರಕ್ತ" ಅಂದರು. ನನ್ನ ನೆನಪಿಗಾಗಿ ಹೀಗೆ ಮಾಡಿ ಅಂತಲೂ ಹೇಳಿದರು. ಮರುದಿನ ಶಿಲುಬೆಯ ಮೇಲೆ ಆದದ್ದನ್ನು ಹಿಂದಿನ ರಾತ್ರಿಯೇ ಶಿಷ್ಯರ ಕೈಗೆ ಕೊಟ್ಟುಬಿಟ್ಟರು ಅಂತ ನಾನು ಮಕ್ಕಳಿಗೆ ಹೇಳುತ್ತೇನೆ.

ನಮ್ಮ ನಂಬಿಕೆ ಪ್ರಕಾರ ಬಲಿಪೂಜೆಯಲ್ಲಿ ಗುರುಗಳು ಆ ಮಾತುಗಳನ್ನು ಹೇಳಿದ ಮೇಲೆ ಅದು ರೊಟ್ಟಿ ಅಲ್ಲ. ಬಣ್ಣ, ರುಚಿ, ಆಕಾರ ಎಲ್ಲ ಹಾಗೇ ಇರುತ್ತದೆ, ಆದರೆ ಅದರ ನಿಜವಾದ ಇರವು ಕ್ರಿಸ್ತರದ್ದು. ಧರ್ಮಾಧ್ಯಕ್ಷರು (ಬಿಷಪ್‌ಗಳು) ಸೇರಿದ 1215ರ ಲ್ಯಾಟರನ್ ಮಹಾಸಭೆ, ಆಮೇಲೆ 1551ರಲ್ಲಿ ಟ್ರೆಂಟ್ ಮಹಾಸಭೆ ಇದನ್ನು ಖಚಿತವಾಗಿ ಹೇಳಿದವು. ಅದಕ್ಕೇ ಪೂಜೆ ಮುಗಿದ ಮೇಲೆ ಉಳಿದದ್ದನ್ನು ಪೀಠದ ಹತ್ತಿರ ಪೆಟ್ಟಿಗೆಯಲ್ಲಿ ಇಡುತ್ತಾರೆ, ಪಕ್ಕದಲ್ಲಿ ದೀಪ ಉರಿಯುತ್ತಿರುತ್ತದೆ, ನಾವು ಅದರ ಮುಂದೆ ಮೊಣಕಾಲೂರುತ್ತೇವೆ.

ಇನ್ನು ಸಾಲಿನ ವಿಷಯ. ಕೊಡುವಾಗ ಗುರುಗಳು "ಕ್ರಿಸ್ತರ ಶರೀರ" ಅನ್ನುತ್ತಾರೆ. ತೆಗೆದುಕೊಳ್ಳುವವರು "ಆಮೆನ್" ಅನ್ನಬೇಕು. ನಂಬುತ್ತೇನೆ, ಈ ಸಭೆಯವನಾಗಿ ಬದುಕುತ್ತೇನೆ ಅಂತ ಎಲ್ಲರೆದುರು ಒಪ್ಪಿಕೊಂಡಂತೆ ಅದು. ಮನೆಗೆ ಬಂದ ಅತಿಥಿಯ ಬಾಯಲ್ಲಿ ಅವರು ನಂಬದ ಮಾತನ್ನು ಹೇಳಿಸಬಾರದಲ್ಲವಾ? ನಿಮಗೆ ಹತ್ತಿರದ ಉದಾಹರಣೆಯಿಂದ ಹೇಳಬಹುದಾದರೆ, ನಿಮ್ಮಲ್ಲಿ ದಾಸೋಹ ಎಲ್ಲರದ್ದು, ಇಷ್ಟಲಿಂಗ ದೀಕ್ಷೆ ಆದವರದ್ದು. ಅಂಗೈ ಮೇಲಿನ ಲಿಂಗವನ್ನು ನೋಡಲು ಬಂದವರ ಕೈಗೆ ಯಾರೂ ಇಡುವುದಿಲ್ಲ. ನಮ್ಮಲ್ಲಿ ದೀಕ್ಷೆಯ ಜಾಗದಲ್ಲಿ ಜ್ಞಾನಸ್ನಾನ ಇದೆ, ನೀರಿನಿಂದ ಸಭೆಗೆ ಸೇರಿಸಿಕೊಳ್ಳುವ ವಿಧಿ. ಭಾನುವಾರ ಮಧ್ಯಾಹ್ನದ ಊಟವೇ ದಾಸೋಹ ಅಂದುಕೊಳ್ಳಿ.

ಮಗುವಿನ ವಿಷಯ ಒಂದೆರಡು ಮಾತು. ಹಿಂದೆ ಹತ್ತು ಹನ್ನೆರಡು ವರ್ಷ ಆಗದೆ ಮಕ್ಕಳಿಗೆ ಕೊಡುತ್ತಿರಲಿಲ್ಲ. 1910ರಲ್ಲಿ ಹತ್ತನೆಯ ಭಕ್ತಿನಾಥ ಜಗದ್ಗುರುಗಳು (ಪೋಪ್ ಹತ್ತನೇ ಪಯಸ್), ಮಗುವಿಗೆ ಮಾಮೂಲಿ ರೊಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ತಿಳಿದರೆ ಸಾಕು, ಏಳನೇ ವರ್ಷದ ಹೊತ್ತಿಗೆ ಕೊಡಿ ಅಂದರು. ಆ ಹುಡುಗಿ ಮೊದಲು ಪಾಪನಿವೇದನೆ ಮಾಡಿರುತ್ತಾಳೆ, ಅಂದರೆ ಗುರುಗಳ ಬಳಿ ತನ್ನ ತಪ್ಪುಗಳನ್ನು ಒಪ್ಪಿಕೊಂಡಿರುತ್ತಾಳೆ. ಪ್ರಸಾದಕ್ಕೆ ಮುಂಚೆ ಒಂದು ಗಂಟೆ ನೀರು, ಔಷಧಿ ಬಿಟ್ಟು ಬೇರೇನೂ ತೆಗೆದುಕೊಂಡಿರುವುದಿಲ್ಲ. ಹಾಗಾಗಿ ಪೂಜೆಗೆ ಮುಂಚೆ ಅವಳ ಕೈಗೆ ಚಾಕೊಲೇಟ್ ಕೊಡಬೇಡಿ, ಆಮೇಲೆ ಎಷ್ಟು ಬೇಕಾದರೂ ಕೊಡಿ.

ನಿಟ್ಟುವಳ್ಳಿ ಮೇಷ್ಟ್ರು:
ತುಂಬಾ ಉಪಕಾರ ತಾಯಿ. ಲಿಂಗದೀಕ್ಷೆಯ ಮಾತು ಕೇಳಿದ ಮೇಲೆ ನನ್ನ ಅರ್ಧ ಪ್ರಶ್ನೆ ಕರಗಿತು. ಆದರೂ ಒಂದು ಮಾತು ಸೇರಿಸಬೇಕು. ಶರಣರು ಆ ದೀಕ್ಷೆಯ ಬಾಗಿಲನ್ನು ಯಾವ ಕುಲಕ್ಕೂ ಮುಚ್ಚಲಿಲ್ಲ, ಅದೇ ಅದರ ಹಿರಿಮೆ. ನಿಮ್ಮಲ್ಲೂ ಹಾಗೆಯೇ ಇರಬೇಕು ಅಂದುಕೊಳ್ಳುತ್ತೇನೆ. ಹಾಗಿದ್ದರೆ ಟೀಚರ್ ಅವರ ಅತ್ತಿಗೆಯದು ಏನು ಕಥೆ? ಆಕೆಗೆ ಜ್ಞಾನಸ್ನಾನ ಆಗಿಯೇ ಇದೆಯಲ್ಲ?

ಚಂದ್ರವಳ್ಳಿ:
ಮೇಷ್ಟ್ರೇ, ಅದಕ್ಕೆ ಉತ್ತರ ಕೊಡಬೇಕಾದವನು ನಾನು. ಚಿತ್ರದುರ್ಗದ ಸಿಎಸ್‌ಐ ಸಭೆಯವನು, ನಮ್ಮ ಹಿರಿಯರು ವೆಸ್ಲಿಯನ್ (ಮೆಥಡಿಸ್ಟ್) ಮಿಷನ್ ಕಾಲದಲ್ಲಿ ಈ ದಾರಿಗೆ ಬಂದವರು. ನಾವು ಇದನ್ನು ಕರ್ತನ ರಾತ್ರಿ ಭೋಜನ ಅನ್ನುತ್ತೇವೆ.

ಜಗಳ ಹಳೆಯದು. ಹದಿನಾರನೇ ಶತಮಾನದ ಸುಧಾರಣೆಯ ಕಾಲದಲ್ಲಿ ರೋಮಿನ ಪೋಪರ ಸಭೆಯಿಂದ ಬೇರೆಯಾದವರು ಈ ಮೇಜಿನ ವಿಷಯದಲ್ಲಿ ತಮ್ಮತಮ್ಮಲ್ಲೇ ಒಡೆದರು. 1529ರಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ ಅವರ ಮುಂದಾಳುಗಳಾದ ಲೂಥರ್ ಮತ್ತು ಜ್ವಿಂಗ್ಲಿ ಎದುರುಬದುರು ಕೂತರು. 15 ಅಂಶಗಳಲ್ಲಿ 14ಕ್ಕೆ ಒಪ್ಪಿದರು, ಕೊನೆಯದರಲ್ಲಿ ಮುರಿಯಿತು. ಕ್ರಿಸ್ತನ ದೇಹ ರೊಟ್ಟಿಯಲ್ಲಿ, ರೊಟ್ಟಿಯ ಜೊತೆಗೇ ನಿಜವಾಗಿ ಇದೆ ಅನ್ನುವುದು ಲೂಥರನ ಪಟ್ಟು. "ಇದು ನನ್ನ ದೇಹ" ಅನ್ನುವ ಮಾತನ್ನು ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಂಡೇ ವಾದಿಸಿದ. ಕ್ರಿಸ್ತನು ಪರಲೋಕಕ್ಕೆ ಏರಿಹೋದ ಮೇಲೆ ಇಲ್ಲಿ ಉಳಿಯುವುದು ಗುರುತು ಮತ್ತು ನೆನಪು ಅಂದ ಜ್ವಿಂಗ್ಲಿ. ಕ್ಯಾಲ್ವಿನ್ ಅನ್ನುವ ಇನ್ನೊಬ್ಬ ಸುಧಾರಕ ಆಮೇಲೆ ಬಂದು, ಪವಿತ್ರಾತ್ಮನ ಬಲದಿಂದ ನಾವು ನಿಜವಾಗಿ ಕ್ರಿಸ್ತನಲ್ಲಿ ಪಾಲು ಹೊಂದುತ್ತೇವೆ, ರೊಟ್ಟಿ ಮಾತ್ರ ರೊಟ್ಟಿಯಾಗಿಯೇ ಇರುತ್ತದೆ ಅಂದ. ನಮ್ಮ ಸಭೆಯಲ್ಲಿ ಈ ಮೂರೂ ಬಗೆಯಲ್ಲಿ ನಂಬುವವರು ಒಂದೇ ಕಟಕಟೆಯ ಮುಂದೆ ಮೊಣಕಾಲೂರುತ್ತಾರೆ. ಇದು ಗೊಂದಲ ಅಂತ ಕೆಲವರು ಹೇಳುತ್ತಾರೆ. ನನಗೆ ಇದು ನಮ್ಮ ಸಭೆಯ ಅತ್ಯಂತ ಒಳ್ಳೆಯ ಗುಣ.

ಹೀಗೆ ಹೇಳಲು ಕಾರಣ ಇದೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಸೇರಿ ದಕ್ಷಿಣ ಭಾರತ ಸಭೆ ಆಯಿತು. ಅದಕ್ಕೆ ಮುಂಚೆ ಬೇರೆ ಬೇರೆ ಮಿಷನ್ನಿನ ಕ್ರೈಸ್ತರು ಒಂದೇ ಮೇಜಿಗೆ ಬರುವುದೇ ಕಷ್ಟವಿತ್ತು. ಆ ಗೋಡೆಗಳೆಲ್ಲ ವಿಲಾಯಿತಿಯಲ್ಲಿ ಕಟ್ಟಿದವು, ನಮ್ಮವು ಅಲ್ಲವೇ ಅಲ್ಲ. ಆದ್ದರಿಂದ ನಮ್ಮ ಮೇಜಿಗೆ ಬೇರೆ ಸಭೆಯ ದೀಕ್ಷಾಸ್ನಾನವಾದವರನ್ನೂ (ಜ್ಞಾನಸ್ನಾನಕ್ಕೆ ನಾವು ಹೇಳುವ ಹೆಸರು) ಕರೆಯುತ್ತೇವೆ. ಟೀಚರ್ ಅವರೇ ನಮ್ಮಲ್ಲಿಗೆ ಬಂದರೆ ನಾವು ತಡೆಯುವುದಿಲ್ಲ, ಅವರ ಸಭೆಯ ನಿಯಮ ಅವರನ್ನು ತಡೆಯಬಹುದು ಅಷ್ಟೆ. ಕಥೋಲಿಕರ ಪ್ರಕಾರ ಮೇಜಿನ ಐಕ್ಯ ಸಭೆಯ ಐಕ್ಯ ಆದ ಮೇಲೆ ಬರಬೇಕು. ಮೇಜಿನಲ್ಲಿ ಜೊತೆಯಾಗಿ ಕೂತರೇ ಸಭೆಯ ಐಕ್ಯ ಬರುತ್ತದೆ ಅನ್ನುವುದು ನಮ್ಮ ಆಸೆ. ಆ ಅತ್ತಿಗೆ ಕೂತಿರುವುದು ಈ ನಡುವಿನ ಜಾಗದಲ್ಲಿ.

ಜೋಗಿಮಟ್ಟಿ:
ಎಲ್ಲರ ಮಾತೂ ಓದಿದೆ. ನಾನು ಸ್ವತಂತ್ರ ಸಭೆಯವನು, ಬಾಡಿಗೆ ಹಾಲ್‌ನಲ್ಲಿ ಕೂಡುತ್ತೇವೆ. ನಮ್ಮ ಪಾಸ್ಟರ್ ಚಪಾತಿಯನ್ನೇ ಮುರಿಯುತ್ತಾರೆ, ಜೊತೆಗೆ ದ್ರಾಕ್ಷಿ ರಸ. ನಮಗೆ ಅದು ನೆನಪು, ಕರ್ತನು ಬರುವ ತನಕ ಆತನ ಮರಣವನ್ನು ಸಾರುವುದು. ಬದಲಾಗುವುದು ನಾವು, ರೊಟ್ಟಿ ಅಲ್ಲ.

ನನಗೆ ಕಾಡುವುದು ಬೇರೆ. ಯೇಸು ಐದು ಸಾವಿರ ಜನಕ್ಕೆ ರೊಟ್ಟಿ ಕೊಟ್ಟಾಗ ಯಾರ ದೀಕ್ಷಾಸ್ನಾನ ಆಗಿದೆ ಅಂತ ಕೇಳಲಿಲ್ಲ. ಸುಂಕದವರ ಮನೆಯಲ್ಲಿ ಉಂಡ. ಕೊನೆಯ ಊಟದಲ್ಲೂ, ನನ್ನನ್ನು ಹಿಡಿದುಕೊಡುವವನ ಕೈ ನನ್ನ ಜೊತೆ ಮೇಜಿನ ಮೇಲಿದೆ ಅಂತ ಆತನೇ ಹೇಳಿದ್ದು ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಲೂಕನ ಸುವಾರ್ತೆಯಲ್ಲಿದೆ. ಹಿಡಿದುಕೊಟ್ಟ ಆ ಶಿಷ್ಯ ಯೂದನನ್ನೇ ಎಬ್ಬಿಸಿ ಕಳಿಸದವನ ಹೆಸರಿನಲ್ಲಿ, ಪ್ರೀತಿಯಿಂದ ಬಂದ ಮೇಷ್ಟ್ರನ್ನು ಕೂರಿಸುವುದು ಹೇಗೆ?

ಹೊಳೆದಂಡೆ (ಹರಿಹರ):
ತಮ್ಮಾ, ನಿನ್ನ ಪ್ರಶ್ನೆಯ ಹಿಂದಿನ ಮನಸ್ಸು ನನಗೆ ಇಷ್ಟವಾಯಿತು. ಆದರೆ ಐದು ಸಾವಿರ ಜನರ ಊಟವೂ ಕೊನೆಯ ರಾತ್ರಿಯ ಊಟವೂ ಒಂದೇ ಅಲ್ಲ. ಮೊದಲನೆಯದು ಹಸಿದವರಿಗೆ ಬಯಲಿನಲ್ಲಿ. ಎರಡನೆಯದು ಮೇಲಂತಸ್ತಿನ ಕೋಣೆಯಲ್ಲಿ, ತನ್ನ ಜೊತೆ ಬಂದವರಿಗೆ, ಒಡಂಬಡಿಕೆಯಾಗಿ. ಸಭೆ ಎರಡನ್ನೂ ಇಟ್ಟುಕೊಂಡು ಬಂದಿದೆ.

ಇದು ರೋಮಿನವರು ಆಮೇಲೆ ಮಾಡಿದ ಕಟ್ಟುಪಾಡು ಅಂತ ಯಾರೂ ಅಂದುಕೊಳ್ಳಬೇಡಿ. ಸುಮಾರು 155ರಲ್ಲಿ ಹುತಾತ್ಮ ಜಸ್ಟಿನ್ ರೋಮ್ ಚಕ್ರವರ್ತಿಗೆ ಬರೆದ ಮನವಿಯಲ್ಲಿ ಕ್ರೈಸ್ತರ ಭಾನುವಾರದ ಆರಾಧನೆಯನ್ನು ವಿವರಿಸಿದ್ದಾರೆ. ನಂಬಿದವರು, ಜ್ಞಾನಸ್ನಾನ ಪಡೆದವರು, ಕ್ರಿಸ್ತರು ಕಲಿಸಿದಂತೆ ಬದುಕುವವರು ಮಾತ್ರ ಇದರಲ್ಲಿ ಪಾಲು ತೆಗೆದುಕೊಳ್ಳಬಹುದು ಅಂತ ಸ್ಪಷ್ಟವಾಗಿ ಇದೆ. ಅದೇ ಬರಹದಲ್ಲಿ ಮುಂದೆ ಓದಿದರೆ, ಉಳ್ಳವರು ಕೊಟ್ಟದ್ದನ್ನು ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ಊರಿಗೆ ಬಂದ ಪರದೇಶಿಗಳು, ಇವರಿಗೆಲ್ಲ ಹಂಚುತ್ತಿದ್ದರು ಅಂತಲೂ ಇದೆ. ಪ್ರಸಾದ ಒಪ್ಪಿದವರಿಗೆ, ಪ್ರೀತಿ ಎಲ್ಲರಿಗೆ. ಹರಿಹರದಲ್ಲಿ ಸೆಪ್ಟೆಂಬರ್ 8ರ ಆರೋಗ್ಯ ಮಾತೆಯ ಹಬ್ಬಕ್ಕೆ ಬರುವ ಜನರಲ್ಲಿ ಎಷ್ಟೋ ಮಂದಿ ಬೇರೆ ಧರ್ಮದವರು. ಅವರ ಹರಕೆ, ಕಣ್ಣೀರು, ಮೇಣದಬತ್ತಿಗಳಿಗೆ ಅಲ್ಲಿ ಜಾಗ ಇದೆ.

ಕೊಂಡಜ್ಜಿ:
ಅಕ್ಕಾ, ಅಣ್ಣಂದಿರೇ, ಬಾಗಿಲು ಯಾರಿಗೆ ತೆರೆದಿದೆ ಅಂತ ಇಷ್ಟೊತ್ತು ಮಾತಾಡಿದಿರಿ. ಒಳಗೆ ಸೇರಿದ ಮೇಲೆ ಯಾರು ಎಲ್ಲಿ ನಿಲ್ಲುತ್ತಾರೆ ಅನ್ನುವುದನ್ನು ಯಾರೂ ಕೇಳಲಿಲ್ಲ. ಮೊದಲ ತಲೆಮಾರಿನ ಕ್ರೈಸ್ತ ಬೋಧಕ ಪೌಲ ಕೇಳಿದ್ದು ಅದನ್ನೇ.

ಕರ್ತನ ಭೋಜನದ ಬಗ್ಗೆ ನಮಗೆ ಸಿಗುವ ಅತಿ ಹಳೆಯ ಬರಹ ನಾಲ್ಕು ಸುವಾರ್ತೆಗಳಿಗಿಂತ ಮೊದಲಿನದು, ಪೌಲ ಗ್ರೀಸಿನ ಕೊರಿಂಥ ಪಟ್ಟಣದವರಿಗೆ ಬರೆದ ಮೊದಲ ಪತ್ರ. ಆ ಪತ್ರದಲ್ಲಿ ಈ ವಿಷಯ ಬರುವುದೇ ಒಂದು ಜಗಳದ ಕಾರಣಕ್ಕೆ. ಕೊರಿಂಥದ ಸಭೆ ಮನೆಗಳಲ್ಲಿ ಸೇರುತ್ತಿತ್ತು. ಉಳ್ಳವರು ತಮ್ಮ ಊಟ ಮೊದಲೇ ಮುಗಿಸಿ, ಕುಡಿದು, ಅಮಲೇರಿ ಕೂತಿರುತ್ತಿದ್ದರು. ಇಲ್ಲದವರು ಹಸಿದೇ ಇರುತ್ತಿದ್ದರು. ಪೌಲ ಅಂದದ್ದು: ನೀವು ಸೇರಿ ಉಣ್ಣುವುದು ಕರ್ತನ ಭೋಜನವೇ ಅಲ್ಲ, ಇಲ್ಲದವರನ್ನು ನಾಚಿಸುತ್ತೀರಿ. ಅದೇ ಉಸಿರಿನಲ್ಲಿ ಆ ರಾತ್ರಿ ಯೇಸು ರೊಟ್ಟಿ ಮುರಿದದ್ದನ್ನು ನೆನಪಿಸುತ್ತಾನೆ. ದೇಹವೆಂದು ಅರಿಯದೆ ತಿಂದು ಕುಡಿಯುವವನು ತನ್ನ ಮೇಲೇ ನ್ಯಾಯತೀರ್ಪು ತಂದುಕೊಳ್ಳುತ್ತಾನೆ ಅನ್ನುತ್ತಾನೆ. ಕೊನೆಗೆ ಹೇಳುವ ಪರಿಹಾರ ಎಷ್ಟು ಸರಳ ನೋಡಿ: ಒಬ್ಬರಿಗೊಬ್ಬರು ಕಾಯಿರಿ.

ಆ ದೇಹ ಯಾವುದು? ರೊಟ್ಟಿ ಒಂದೇ ಆದ್ದರಿಂದ ಅನೇಕರಾದ ನಾವು ಒಂದೇ ದೇಹ ಅಂತ ಅದೇ ಪತ್ರದ 10ನೇ ಅಧ್ಯಾಯದಲ್ಲಿ ಇದೆ. ಪಕ್ಕದಲ್ಲಿ ಮೊಣಕಾಲೂರಿದವನಲ್ಲಿ ಕ್ರಿಸ್ತನ ದೇಹ ಕಾಣದಿದ್ದರೆ ತಟ್ಟೆಯಲ್ಲಿ ಕಂಡು ಏನು ಪ್ರಯೋಜನ?

ನಾವು ದಲಿತರು. ಹೋಟೆಲಿನಲ್ಲಿ ನಮ್ಮ ಕೇರಿಯವರಿಗೆ ಬೇರೆ ಲೋಟ ಇಡುತ್ತಿದ್ದುದನ್ನು ನಮ್ಮಪ್ಪ ಕಂಡಿದ್ದಾರೆ. ಕುಡಿದ ಮೇಲೆ ತಾವೇ ತೊಳೆದು ಹೊರಗಿನ ಗೂಡಿನಲ್ಲಿ ಇಡಬೇಕು. ಅಂಥವರು ಸಭೆಗೆ ಬಂದು, ಎಲ್ಲರ ತುಟಿ ಮುಟ್ಟಿದ ಅದೇ ಪಾತ್ರೆಗೆ ತುಟಿ ಇಟ್ಟರು. ಅವರ ಪಾಲಿಗೆ ಸುವಾರ್ತೆ ಅಂದರೆ ಅದು. ಯಾವ ಉಪದೇಶವೂ ಬೇಕಿರಲಿಲ್ಲ. ಆದರೆ ಅಲ್ಲೂ ಎಲ್ಲ ಸರಿ ಇರಲಿಲ್ಲ. ಒಂದು ಸಭೆಯಲ್ಲಿ, ಹೆಸರು ಬೇಡ, ನಮ್ಮವರು ಹಿಂದೆ ಕೂತು ಕೊನೆಯಲ್ಲಿ ಎದ್ದು ಹೋಗುವುದು ರೂಢಿಯಾಗಿತ್ತು. ಯಾರೂ ಬಾಯಿಬಿಟ್ಟು ಹಾಗೆ ಮಾಡಿ ಅನ್ನುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಇದು ಇಂದು ನಿನ್ನೆಯದಲ್ಲ. ತಂಜಾವೂರು ಕಡೆಯ ಸಭೆಗಳಲ್ಲಿ ಜಾತಿ ಪ್ರಕಾರ ಬೇರೆ ಬೇರೆ ಕೂತು, ಬೇರೆ ಬೇರೆಯಾಗಿ ಭೋಜನಕ್ಕೆ ಬರುತ್ತಿದ್ದರು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿಭೇದ ಕೂಡಲೇ ನಿಲ್ಲಬೇಕು ಅಂತ ಪತ್ರ ಹೊರಡಿಸಿದಾಗ, ಒಂದೇ ಪಾತ್ರೆಯಿಂದ ಕುಡಿಯುವುದಕ್ಕಿಂತ ಸಭೆ ಬಿಡುವುದೇ ವಾಸಿ ಅಂತ ಹೊರಟವರಿದ್ದರು.

ಮೇಷ್ಟ್ರೇ, ನಿಮ್ಮನ್ನು ಕೂರಿಸಿದ್ದು ನಿಯಮಕ್ಕೆ. ನಮ್ಮನ್ನು ಹಿಂದೆ ನಿಲ್ಲಿಸಿದ್ದು ಪಾಪಕ್ಕೆ. ಎರಡೂ ಒಂದೇ ಅಲ್ಲ ಅಂತ ನಾನೂ ಒಪ್ಪುತ್ತೇನೆ. ಅಕ್ಕಾ, ಒಂದು ಕೇಳಲೇ? ನಿಮ್ಮಲ್ಲಿ ಜನಕ್ಕೆ ಪಾತ್ರೆಯನ್ನೇ ಕೊಡುವುದಿಲ್ಲವಲ್ಲ, ಯಾಕೆ?

ಹೊಳೆದಂಡೆ (ಹರಿಹರ):
ನಿಮ್ಮ ಮಾತು ಓದಿ ತುಂಬ ಹೊತ್ತು ಸುಮ್ಮನೆ ಕೂತೆ. ಮಕ್ಕಳಿಗೆ ಕೊರಿಂಥದ ಆ ಭಾಗವನ್ನು ನಾನು ಇನ್ನು ಮುಂದೆ ಪೂರ್ತಿ ಓದಿ ಹೇಳುತ್ತೇನೆ.

ಪಾತ್ರೆಯ ವಿಷಯ: ಬರಿಯ ರೊಟ್ಟಿಯ ರೂಪದಲ್ಲೂ ಕ್ರಿಸ್ತರು ಪೂರ್ಣವಾಗಿ ಇದ್ದಾರೆ ಅನ್ನುವುದು ನಮ್ಮ ಬೋಧನೆ, ಹಾಗಾಗಿ ಕಡಿಮೆ ಸಿಕ್ಕಿತು ಅಂತ ಆಗುವುದಿಲ್ಲ. 1415ರಲ್ಲಿ ಕಾನ್ಸ್ಟನ್ಸ್ ಮಹಾಸಭೆ ಜನರಿಗೆ ರೊಟ್ಟಿಯ ರೂಪ ಮಾತ್ರ ಅಂತ ಗೊತ್ತು ಮಾಡಿತು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಕೆಲವು ಸಂದರ್ಭಗಳಲ್ಲಿ ಎರಡೂ ರೂಪದಲ್ಲಿ ಕೊಡಲು ಅನುಮತಿ ಇದೆ. ನಮ್ಮ ಕಡೆ ಇನ್ನೂ ಅಪರೂಪ. ಪಾತ್ರೆಯ ಬಗ್ಗೆ ನೀವು ಹೇಳಿದ್ದನ್ನು ಕೇಳಿದ ಮೇಲೆ, ಅದು ಹೆಚ್ಚಾಗಬೇಕು ಅಂತ ನನಗೂ ಅನ್ನಿಸುತ್ತಿದೆ.

ಎಂಸಿಸಿ ಬ್ಲಾಕ್ ನರ್ಸ್:
ಒಂದೇ ಪಾತ್ರೆ ಅಂದಾಗ ನಮ್ಮಂಥವರಿಗೆ ಸೋಂಕಿನ ಯೋಚನೆ ಬರುತ್ತದೆ. ಅಂಚನ್ನು ಬಟ್ಟೆಯಿಂದ ಒರೆಸಿ, ತಿರುಗಿಸಿ ಕೊಡುವ ಪದ್ಧತಿ ಇದೆ, ಆದರೂ ಅಪಾಯ ಪೂರ್ತಿ ಹೋಗುವುದಿಲ್ಲ. ಅಮೆರಿಕದ ಸಭೆಗಳಲ್ಲಿ 1890ರ ದಶಕದಲ್ಲೇ ಇದೇ ಭಯಕ್ಕೆ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಲೋಟ ಬಂತು. ದ್ರಾಕ್ಷಾರಸದ ಬದಲು ಹುಳಿ ಬರದ ರಸ ಬಂದದ್ದು ಅದಕ್ಕೂ ಮುಂಚೆ: 1869ರಲ್ಲಿ ಥಾಮಸ್ ವೆಲ್ಚ್ ಅನ್ನುವ ಮೆಥಡಿಸ್ಟ್ ದಂತವೈದ್ಯರು ರಸವನ್ನು ಕಾಯಿಸಿ ಕೆಡದಂತೆ ಇಡುವ ದಾರಿ ಕಂಡುಕೊಂಡರು, ಮದ್ಯ ಬೇಡ ಅನ್ನುವ ಸಭೆಗಳಿಗಾಗಿ. ಕುಡಿತದಿಂದ ಮನೆ ಹಾಳಾದವರು ನಮ್ಮ ಸಭೆಗಳಲ್ಲೂ ಇದ್ದಾರೆ, ಅವರಿಗೆ ಅದು ದೊಡ್ಡ ಉಪಕಾರ.

2020ರ ಲಾಕ್‌ಡೌನ್‌ನಲ್ಲಿ ಚರ್ಚ್ ಮುಚ್ಚಿದಾಗ ಕೆಲವು ಸಭೆಗಳವರು ಮೊಬೈಲ್ ಮುಂದೆ ಬ್ರೆಡ್ ಇಟ್ಟುಕೊಂಡು ಭೋಜನ ತೆಗೆದುಕೊಂಡರು. ಕಥೋಲಿಕರು ಟಿವಿಯಲ್ಲಿ ಪೂಜೆ ನೋಡುತ್ತಾ, ಬಾಯಿಂದ ತೆಗೆದುಕೊಳ್ಳಲಾಗದ ಪ್ರಸಾದವನ್ನು ಮನಸ್ಸಿನಲ್ಲಿ ಬೇಡಿಕೊಂಡರು. ನಾನು ಆಗ ಕೋವಿಡ್ ವಾರ್ಡಿನಲ್ಲಿದ್ದೆ. ಮೊಬೈಲಿನ ಮುಂದೆ ಒಬ್ಬಳೇ ಕೂತು ರೊಟ್ಟಿ ಮುರಿಯಲು ನನ್ನಿಂದ ಆಗಲಿಲ್ಲ. ಇನ್ನೊಬ್ಬರ ಕೈಯಿಂದ ಬರಬೇಕಾದ್ದನ್ನು ನನ್ನ ಕೈಯಿಂದಲೇ ತೆಗೆದುಕೊಳ್ಳುವುದು ಹೇಗೆ? ಕೊಂಡಜ್ಜಿ ಅಣ್ಣನ ಪಾತ್ರೆಯ ಮಾತು ಅದಕ್ಕೇ ನನಗೆ ನಾಟಿತು. ಪುಟ್ಟ ಲೋಟ ಕೊಟ್ಟರೂ ಪರವಾಗಿಲ್ಲ, ಒಂದೇ ತಟ್ಟೆಯಿಂದ, ಒಂದೇ ಸಾಲಿನಲ್ಲಿ, ಹಿಂದೆಮುಂದೆ ಇಲ್ಲದೆ ಕೊಡಲಿ.

ನಿಟ್ಟುವಳ್ಳಿ ಮೇಷ್ಟ್ರು:
ನಾನು ಒಂದು ಪ್ರಶ್ನೆ ಕೇಳಿದ್ದಕ್ಕೆ ಇಷ್ಟು ಸಿಕ್ಕಿತು. ಕೊಂಡಜ್ಜಿಯವರೇ, ನಮ್ಮ ಕಡೆಯೂ ಕಲ್ಯಾಣದ ಮಾತು ಬಾಯಲ್ಲಿ, ಬೇರೆ ಲೋಟ ಗೂಡಿನಲ್ಲಿ ಅನ್ನುವಂತೆ ನಡೆದಿದೆ. ಆ ಮಾತು ನಮಗೂ ಸೇರಬೇಕಾದ್ದು.

ಇನ್ನೊಂದು ಸಣ್ಣ ಸಂದೇಹ. ಜೋಳದ ರೊಟ್ಟಿ ನಮ್ಮ ಕಡೆಯ ಊಟ. ಅದರಲ್ಲಿ ಮಾಡಬಹುದಾ? ಆ ಹೊತ್ತಿಗೆ ಮುಂಚೆ ಏನಾದರೂ ಪ್ರಾರ್ಥನೆ ಹೇಳುತ್ತಾರಾ? ಅರ್ಥ ತಿಳಿದಿದ್ದರೆ ಮನಸ್ಸಿನಲ್ಲೇ ಜೊತೆಗೂಡಬಹುದು.

ಹೊಳೆದಂಡೆ (ಹರಿಹರ):
ನಮ್ಮಲ್ಲಿ ಗೋಧಿಯದೇ ಆಗಬೇಕು, ಹುಳಿ ಹಾಕದ್ದು. ದ್ರಾಕ್ಷಾರಸವೂ ದ್ರಾಕ್ಷಿಯದೇ. ಸ್ವಾಮಿ ಏನು ತೆಗೆದುಕೊಂಡರೋ ಅದನ್ನೇ ಅನ್ನುವುದು ಕಾರಣ. ಗೋಧಿ ಒಗ್ಗದವರಿಗೆ ಅಂಟು (ಗ್ಲೂಟೆನ್) ತೀರಾ ಕಡಿಮೆ ಇರುವ ಬಿಲ್ಲೆಗೆ ಅನುಮತಿ ಇದೆ, ಅಂಟು ಪೂರ್ತಿ ತೆಗೆದದ್ದಕ್ಕೆ ಇಲ್ಲ.

ಪ್ರಾರ್ಥನೆ ಇದೆ. ಗುರುಗಳು ಪ್ರಸಾದವನ್ನು ಎತ್ತಿ ತೋರಿಸಿದಾಗ ನಾವೆಲ್ಲ ಹೇಳುತ್ತೇವೆ: ಪ್ರಭುವೇ, ನೀವು ನನ್ನಲ್ಲಿಗೆ ಬರಲು ನಾನು ಯೋಗ್ಯನಲ್ಲ, ಒಂದು ಮಾತು ಹೇಳಿದರೆ ಸಾಕು, ನನ್ನ ಆತ್ಮ ಗುಣವಾಗುವುದು. ಮತ್ತಾಯನ ಸುವಾರ್ತೆಯಲ್ಲಿ, ಕಾಯಿಲೆ ಬಿದ್ದ ಆಳಿಗಾಗಿ ಬೇಡಲು ಬಂದ ಶತಾಧಿಪತಿಯ ಮಾತು ಇದಕ್ಕೆ ಮೂಲ.

ಚಂದ್ರವಳ್ಳಿ:
ನಮ್ಮ ಆರಾಧನಾ ಕ್ರಮದಲ್ಲೂ ಮೇಜಿಗೆ ಹೋಗುವ ಮುಂಚೆ ಇಂಥದೇ ಒಂದು ಪ್ರಾರ್ಥನೆ ಇದೆ. ನಿನ್ನ ಮೇಜಿನ ಕೆಳಗೆ ಬಿದ್ದ ತುಣುಕುಗಳನ್ನು ಆರಿಸಿಕೊಳ್ಳಲೂ ನಾವು ಯೋಗ್ಯರಲ್ಲ ಅಂತ. ಮಗಳಿಗಾಗಿ ಯೇಸುವಿನ ಬೆನ್ನು ಬಿದ್ದ ಸುರೋಪೊಯಿನಿಕೆಯ ಹೆಂಗಸಿನ ಮಾತಿನಿಂದ ಬಂದದ್ದು.

ಕೊಂಡಜ್ಜಿ:
ಇಬ್ಬರೂ ಹೊರಗಿನವರು! ಶತಾಧಿಪತಿ ರೋಮ್ ಸೈನ್ಯದವನು, ಆ ಹೆಂಗಸು ಅನ್ಯಜನಾಂಗದವಳು. ಇಬ್ಬರಿಗೂ ಆ ಕಾಲದಲ್ಲಿ ಮೇಜಿನ ಹತ್ತಿರ ಜಾಗ ಇರಲಿಲ್ಲ. ಇಬ್ಬರ ನಂಬಿಕೆಯನ್ನೂ ಯೇಸು ಮೆಚ್ಚಿದ. ಇಷ್ಟು ವರ್ಷ ಕೇಳಿಕೊಂಡು ಬಂದರೂ ಇವೆರಡನ್ನೂ ಹೀಗೆ ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಎರಡೂ ಸಭೆಯವರು ಅತಿ ಹತ್ತಿರ ಹೋಗುವ ಗಳಿಗೆಯಲ್ಲಿ ಬಾಯಿಗೆ ತಂದುಕೊಳ್ಳುವುದು ಹೊರಗೆ ನಿಂತವರ ಮಾತನ್ನು. ಮೇಷ್ಟ್ರೇ, ಭಾನುವಾರ ಎಲ್ಲರೂ ಅದನ್ನು ಹೇಳುವಾಗ ಗಮನವಿಟ್ಟು ಕೇಳಿ.

ಜೋಗಿಮಟ್ಟಿ:
ಇದನ್ನು ನಮ್ಮ ಪಾಸ್ಟರಿಗೆ ತೋರಿಸುತ್ತೇನೆ. ನೆನಪು ಅಷ್ಟೇ ಅನ್ನುವ ನನ್ನ ಮಾತನ್ನು ಬಿಡಲು ತಯಾರಿಲ್ಲ, ಆದರೆ ನಾವು ಭೋಜನವನ್ನು ಹತ್ತೇ ನಿಮಿಷದಲ್ಲಿ ಮುಗಿಸಿಬಿಡುತ್ತೇವೆ. ಅದು ಸರಿಯಲ್ಲ ಅಂತ ಈಗ ಅನ್ನಿಸುತ್ತಿದೆ. ಆದಷ್ಟು ಸಲ ಈ ಭೋಜನಕ್ಕೆ ಬನ್ನಿ ಅಂತ ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿಯೇ ತನ್ನ ಜನರನ್ನು ಒತ್ತಾಯಿಸುತ್ತಿದ್ದನಂತೆ, ಚಂದ್ರವಳ್ಳಿ ಸರ್. ನಿಮ್ಮಲ್ಲೂ ತಿಂಗಳಿಗೊಮ್ಮೆ ತಾನೇ?

ಚಂದ್ರವಳ್ಳಿ:
ತಿಂಗಳಿಗೊಮ್ಮೆಯೇ. ಒಬ್ಬ ಅಯ್ಯನವರು ಹಲವು ಸಭೆ ನೋಡಿಕೊಳ್ಳಬೇಕಾದ ಕಾಲದಿಂದ ಬಂದ ಅಭ್ಯಾಸ, ಈಗ ಅದೇ ನಿಯಮ ಅನ್ನುವಂತಾಗಿದೆ. ಬದಲಾಗಬೇಕು. ನಮ್ಮ ಸಭಾ ಸಮಿತಿಯಲ್ಲಿ ಎತ್ತುತ್ತೇನೆ.

ಎಂಸಿಸಿ ಬ್ಲಾಕ್ ನರ್ಸ್:
ಹೊಳೆದಂಡೆ ಅಕ್ಕಾ, ಸಂಬಂಧಪಟ್ಟದ್ದೇ ಒಂದು ವಿಷಯ ಕೇಳುತ್ತೇನೆ. ನಾನು ನೋಡಿಕೊಳ್ಳುವ ಒಬ್ಬ ಅಜ್ಜಿ ಕಥೋಲಿಕರು, ಹಾಸಿಗೆ ಹಿಡಿದಿದ್ದಾರೆ. ಪ್ರಸಾದ ಬೇಕು ಅಂತ ಕೇಳುತ್ತಲೇ ಇರುತ್ತಾರೆ. ಮಕ್ಕಳು ಊರಲ್ಲಿಲ್ಲ. ಏನು ಮಾಡಬೇಕು? ನುಂಗುವುದು ಸ್ವಲ್ಪ ಕಷ್ಟ.

ಹೊಳೆದಂಡೆ (ಹರಿಹರ):
ಇವತ್ತೇ ಅವರ ಚರ್ಚಿನ ಗುರುಗಳಿಗೆ ಫೋನ್ ಮಾಡಿ. ಮನೆಯವರೇ ಹೇಳಬೇಕು ಅಂತೇನಿಲ್ಲ, ನೀವು ಹೇಳಿದರೆ ಸಾಕು. ಗುರುಗಳೇ ಬರಬಹುದು, ಇಲ್ಲವೇ ಅದಕ್ಕೆಂದು ನೇಮಿಸಿದ ಸಿಸ್ಟರ್ ಸಣ್ಣ ಡಬ್ಬಿಯಲ್ಲಿ ತರುತ್ತಾರೆ. ಬಾರದವರಿಗೆ ಪ್ರಸಾದವನ್ನು ಮನೆಗೆ ಒಯ್ಯುತ್ತಿದ್ದುದು ಜಸ್ಟಿನ್ ಕಾಲದಲ್ಲೇ ಇತ್ತು. ಹಾಸಿಗೆ ಪಕ್ಕ ಒಂದು ಸ್ಟೂಲ್ ಇಟ್ಟು ಬಿಳಿ ಬಟ್ಟೆ ಹಾಸಿ, ಮೇಣದಬತ್ತಿ, ಶಿಲುಬೆ, ಒಂದು ಲೋಟ ನೀರು ಇಡಿ. ಆಕ್ಸಿಜನ್ ಹಚ್ಚಿದ್ದರೆ ಮೇಣದಬತ್ತಿ ಬೇಡವೇ ಬೇಡ, ಅದು ನಿಮಗೇ ಗೊತ್ತಿರುತ್ತದೆ. ಕಾಯಿಲೆಯವರಿಗೆ ಒಂದು ಗಂಟೆಯ ಉಪವಾಸ ಇಲ್ಲ. ನುಂಗಲು ಕಷ್ಟ ಅಂತ ಮೊದಲೇ ಹೇಳಿ, ಚಿಕ್ಕ ತುಣುಕು ಕೊಡುತ್ತಾರೆ, ಹಿಂದೆಯೇ ಚಮಚದಲ್ಲಿ ನೀರು ಹಾಕಿ. ಪಾಪನಿವೇದನೆ ಮಾಡಬೇಕು ಅಂದರೆ ನೀವು ಸ್ವಲ್ಪ ಹೊತ್ತು ಹೊರಗೆ ಇರಬೇಕಾಗುತ್ತದೆ. ಯಾವ ಏರಿಯಾ ಅಂತ ನನಗೆ ಖಾಸಗಿಯಾಗಿ ತಿಳಿಸಿ, ಯಾವ ಚರ್ಚಿಗೆ ಸೇರುತ್ತದೆ ಅಂತ ವಿಚಾರಿಸಿ ಹೇಳುತ್ತೇನೆ.